ಹೊಸ ಸಮಿತಿ, ಹೊಸ ಆರ್ಥಿಕ ವರ್ಷ: ಅಪಾರ್ಟ್‌ಮೆಂಟ್ ಸಂಘದ ಯೋಜನೆಯನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ (ಹೊಸ ಕಾರ್ಯದರ್ಶಿ, ಬೆಂಗಳೂರು)

ಮಾನ್ಯರೇ, 96 ಮನೆಗಳಿರುವ ನಮ್ಮ ಅಪಾರ್ಟ್‌ಮೆಂಟಿನ ಮಾಲೀಕರ ಸಂಘವು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿದೆ. ಕಳೆದ ಭಾನುವಾರದ ಸರ್ವಸದಸ್ಯರ ಸಭೆಯಲ್ಲಿ ನನ್ನನ್ನು ಕಾರ್ಯದರ್ಶಿಯನ್ನಾಗಿ ಆರಿಸಿದರು. ಹಿಂದಿನವರು ಬೀರುವಿನ ಕೀಲಿಕೈಯನ್ನೂ ಬಿಲ್ಲುಗಳನ್ನು ತುರುಕಿದ ಮೂರು ಕೈಚೀಲಗಳನ್ನೂ ಒಪ್ಪಿಸಿ ಹೋಗಿದ್ದಾರೆ. ಹೋದ ವರ್ಷದ ಖರ್ಚಿಗೆ ನೂರಕ್ಕೆ ಹತ್ತು ಸೇರಿಸಿದರೆ ಬಜೆಟ್ ಆಯಿತು ಎನ್ನುವುದು ನಮ್ಮ ಖಜಾಂಚಿಯವರ ಅಭಿಪ್ರಾಯ. ಸದಸ್ಯರಿಗೆ ಜಿಮ್ ಬೇಕು, ಇನ್ನಷ್ಟು ಸಿಸಿಟಿವಿ ಬೇಕು. ಅನುಭವಿಗಳು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಉತ್ತರ 1 (ಮಾಜಿ ಖಜಾಂಚಿ)

ನೂರಕ್ಕೆ ಹತ್ತರ ಲೆಕ್ಕವನ್ನು ನಾನೂ ಎರಡು ವರ್ಷ ಮಾಡಿ, ಎರಡೂ ವರ್ಷ ಫೆಬ್ರವರಿಯಲ್ಲಿ ಕೈ ಸುಟ್ಟುಕೊಂಡವನು. ಕನಿಷ್ಠ ವೇತನಕ್ಕೆ ಸೇರುವ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ರಿಂದ ಪರಿಷ್ಕರಣೆಯಾಗುವುದರಿಂದ ಸೆಕ್ಯೂರಿಟಿ ಮತ್ತು ಹೌಸ್‌ಕೀಪಿಂಗ್ ಏಜೆನ್ಸಿಗಳ ಬಿಲ್ಲು ನೀವು ಒಪ್ಪಿದರೂ ಬಿಟ್ಟರೂ ಏರುತ್ತದೆ. ನಮ್ಮಲ್ಲಂತೂ ಅದೇ ದೊಡ್ಡ ಬಾಬ್ತು. ಆ ಬಿಲ್ಲಿನ ಜೊತೆ ಪಿಎಫ್ ಮತ್ತು ಇಎಸ್‌ಐ ಕಟ್ಟಿದ ಚಲನ್ನಿನ ಪ್ರತಿಯನ್ನು ತಿಂಗಳು ತಿಂಗಳು ಕೇಳಿ ಪಡೆಯಿರಿ, ಏಕೆಂದರೆ ಏಜೆನ್ಸಿ ಕಟ್ಟದೆ ಬಿಟ್ಟರೆ ಹೊಣೆ ಸಂಘದ ತಲೆಗೂ ಬರುತ್ತದೆ. ಇನ್ನು ಟ್ಯಾಂಕರ್ ನೀರಿನ ಖರ್ಚನ್ನು ಹನ್ನೆರಡರಿಂದ ಭಾಗಿಸಿ ಬರೆಯಬೇಡಿ. ಮಾರ್ಚ್‌ನಲ್ಲಿ ದಿನಕ್ಕೆ ಐದು ಲೋಡ್ ತರಿಸುವ ಕಟ್ಟಡಕ್ಕೆ ಸೆಪ್ಟೆಂಬರಿನಲ್ಲಿ ಒಂದೂ ಬೇಕಾಗದಿರಬಹುದು.

ಉತ್ತರ 2 (ನಿವೃತ್ತ ಸಿವಿಲ್ ಎಂಜಿನಿಯರ್)

ಲೆಕ್ಕಕ್ಕೆ ಕೂರುವ ಮೊದಲು ಪ್ಲಂಬರ್ ಒಬ್ಬರನ್ನು ಕರೆದುಕೊಂಡು ತಾರಸಿಯಿಂದ ಸಂಪಿನವರೆಗೆ ಒಂದು ಸುತ್ತು ಬನ್ನಿ. ನಮ್ಮ ಸಮಿತಿಯು ತಾರಸಿಯ ವಾಟರ್‌ಪ್ರೂಫಿಂಗ್‌ಗೆ ಮೂರು ಕೊಟೇಷನ್ ತರಿಸಿ, ಯಾರದು ಅಗ್ಗವೆಂಬ ಚರ್ಚೆಯಲ್ಲೇ ಮೇ ತಿಂಗಳನ್ನು ಕಳೆಯಿತು. ಜೂನ್ ಎರಡನೆಯ ವಾರ ಮೇಲಿನ ಅಂತಸ್ತಿನ ನಾಲ್ಕು ಮನೆಗಳಲ್ಲಿ ಸೋರಿಕೆ ಆರಂಭವಾಯಿತು. ಲಿಫ್ಟಿನ ಗುಂಡಿಯಲ್ಲಿ ಮೊಣಕಾಲುದ್ದ ನೀರು. ಬಳಿದ ಪದರ ಒಣಗಬೇಕು, ಬಳಿಕ ನೀರು ಕಟ್ಟಿ ನಿಲ್ಲಿಸಿ ಸೋರುತ್ತದೆಯೇ ಎಂದು ನೋಡಬೇಕು. ಇದಕ್ಕೆಲ್ಲ ಬಿಸಿಲಿನ ದಿನಗಳು ಬೇಕು. ಆದ್ದರಿಂದ ಗುತ್ತಿಗೆಯ ತೀರ್ಮಾನ ಏಪ್ರಿಲ್‌ನಲ್ಲೇ ಆಗಲಿ. ಮಳೆ ಕೊಯ್ಲಿನ ಕೊಳವೆ ಮತ್ತು ಫಿಲ್ಟರ್ ಶುದ್ಧಿಯೂ ಅದೇ ಹೊತ್ತಿಗೆ ಮುಗಿಯಲಿ. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂ. ದಂಡವೆಂದು ಜಲಮಂಡಳಿ ಆದೇಶಿಸಿದಾಗ ನಮ್ಮ ಮಳೆನೀರಿನ ತೊಟ್ಟಿಯಲ್ಲಿ ಇದ್ದದ್ದು ತರಗೆಲೆ ಮಾತ್ರ. ಜಿಮ್ ದೀಪಾವಳಿಯವರೆಗೆ ಕಾಯಬಹುದು.

ಉತ್ತರ 3 (ಸಂಘಗಳ ಲೆಕ್ಕಪರಿಶೋಧಕ)

ಮೇಲಿನವರು ಹೇಳದೆ ಬಿಟ್ಟದ್ದನ್ನಷ್ಟೇ ಸೇರಿಸುತ್ತೇನೆ. ವಾರ್ಷಿಕ ಸಭೆಯಾದ 14 ದಿನಗಳೊಳಗೆ ಆಡಳಿತ ಸಮಿತಿಯ ಪಟ್ಟಿ ಮತ್ತು ಲೆಕ್ಕಪತ್ರ ರಿಜಿಸ್ಟ್ರಾರ್ ಕಚೇರಿಗೆ ಸಲ್ಲಬೇಕು. ತಮ್ಮ ಸಭೆ ಭಾನುವಾರವಷ್ಟೇ ಆಗಿರುವುದರಿಂದ ದಿನ ಎಣಿಸಿಕೊಳ್ಳಿ. ಕಾರ್ಪಸ್ ನಿಧಿಯ (ಮುಂದಿನ ದೊಡ್ಡ ಖರ್ಚುಗಳಿಗೆಂದು ಸದಸ್ಯರಿಂದ ಕೂಡಿಸಿಟ್ಟ ಮೂಲನಿಧಿಯ) ಠೇವಣಿ ಬಡ್ಡಿಯನ್ನು ಪೂರ್ತಿ ಉಳಿತಾಯವೆಂದು ಬಜೆಟ್ಟಿನಲ್ಲಿ ತೋರಿಸುವ ತಪ್ಪನ್ನು ಬಹಳ ಸಂಘಗಳು ಮಾಡುತ್ತವೆ. ಬೆಂಗಳೂರು ಕ್ಲಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ನೀಡಿದ ತೀರ್ಪಿನಂತೆ, ಸದಸ್ಯರ ಹಣವೇ ಆದರೂ ಬ್ಯಾಂಕಿನಲ್ಲಿಟ್ಟು ಗಳಿಸಿದ ಬಡ್ಡಿಗೆ ಪರಸ್ಪರತೆಯ ತತ್ವದ (ಸದಸ್ಯರು ತಮಗಾಗಿಯೇ ಕೂಡಿಸಿದ ಹಣ ಆದಾಯವಲ್ಲವೆಂಬ ತತ್ವದ) ಆದಾಯ ತೆರಿಗೆ ವಿನಾಯಿತಿ ದೊರೆಯುವುದಿಲ್ಲ. ನಿರ್ವಹಣಾ ಶುಲ್ಕವನ್ನು ಏರಿಸುವುದಾದರೆ ಜಿಎಸ್‌ಟಿಯ ಗಡಿಯನ್ನೂ ನೋಡಿಕೊಳ್ಳಿ: ಸದಸ್ಯರೊಬ್ಬರ ಮಾಸಿಕ ಶುಲ್ಕ 7,500 ರೂ. ದಾಟಿ, ಸಂಘದ ವಾರ್ಷಿಕ ವಹಿವಾಟು 20 ಲಕ್ಷವನ್ನೂ ದಾಟಿದರೆ ಶೇ. 18 ತೆರಿಗೆ ಬೀಳುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಸಂಜೆ ಖಜಾಂಚಿಯವರೊಂದಿಗೆ ಕೂತು ಮೂರು ಚೀಲಗಳನ್ನೂ ನೆಲದ ಮೇಲೆ ಸುರಿದು ನೋಡಿದೆವು. ಕೊನೆಯ ಚೀಲದ ತಳದಲ್ಲಿ ಲಿಫ್ಟಿನ ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಪತ್ರ ಸಿಕ್ಕಿತು. ಅದರ ಅವಧಿ ಮಾರ್ಚ್ 31ಕ್ಕೇ ಮುಗಿದಿದೆ. ಬಜೆಟ್ಟಿನ ಸಭೆಯನ್ನು ಒಂದು ವಾರ ಮುಂದೂಡಿ, ಮೊದಲು ಆ ಕಂಪನಿಗೆ ಫೋನು ಮಾಡುತ್ತಿದ್ದೇನೆ.