ಪದ ಬೇಕಿದೆ: ಪಿಗ್ಮಿ ಏಜೆಂಟರ ಚಿಕ್ಕ ಪ್ರಿಂಟರ್‌ಗೆ ಕನ್ನಡದಲ್ಲಿ ಏನನ್ನೋಣ?

ಮಂಡ್ಯದಿಂದ:

ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ಪತ್ತಿನ ಸಹಕಾರ ಸಂಘಕ್ಕೆ ಎರಡು ಪುಟದ ಸೂಚನೆ ಅನುವಾದ ಮಾಡುತ್ತಿದ್ದೇನೆ. ಪಿಗ್ಮಿ (ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಉಳಿತಾಯ) ಏಜೆಂಟರು ಅಂಗಡಿ ಅಂಗಡಿಗೆ ಹೋಗಿ ದುಡ್ಡು ಪಡೆದ ತಕ್ಷಣ ಮೊಬೈಲ್‌ನಿಂದ ಚೀಟಿ ಕೊಡಬೇಕು. ಅದಕ್ಕೆ ಎಂಥ ಪ್ರಿಂಟರ್ ಕೊಳ್ಳಬೇಕು ಅನ್ನುವುದೇ ವಿಷಯ. ಮೂಲದಲ್ಲಿ 'ಪೋರ್ಟಬಲ್ ವೈರ್‌ಲೆಸ್ ಥರ್ಮಲ್ ಪ್ರಿಂಟರ್' ಎಂದಿದೆ. ನಾನು 'ಸುವಾಹ್ಯ ನಿಸ್ತಂತು ಉಷ್ಣ ಮುದ್ರಕ' ಎಂದು ಬರೆದು ಏಜೆಂಟರೊಬ್ಬರಿಗೆ ಓದಿ ಹೇಳಿದೆ. "ಇದು ಯಾವ ಮಷಿನ್ ಮೇಡಂ?" ಎಂದು ಕೇಳಿದರು. ನಾಳೆ ಬೆಳಿಗ್ಗೆ ಪ್ರೆಸ್‌ಗೆ ಕೊಡಬೇಕು. ಬೇಗ ತಿಳಿಸಿ.

ಮೈಸೂರು, ಕುವೆಂಪುನಗರದಿಂದ:

'ಕೈಯಚ್ಚು' ಎನ್ನಿ. ಮುಗಿಯಿತು.

'ಮುದ್ರಕ' ಸಂಸ್ಕೃತ. ಅದೂ ಅಲ್ಲದೆ ಪುಸ್ತಕದ ಒಳಪುಟದಲ್ಲಿ 'ಮುದ್ರಕರು' ಎಂದರೆ ಅಚ್ಚು ಹಾಕಿಸಿಕೊಟ್ಟವರು, ಯಂತ್ರ ಅಲ್ಲ. ನಮಗೆ ಅಚ್ಚುಕೂಟ ಇತ್ತು, ಅಚ್ಚುಮೊಳೆ ಇತ್ತು. 1843ರಲ್ಲಿ 'ಮಂಗಳೂರು ಸಮಾಚಾರ' ಹೊರಬಂದದ್ದು ಕಲ್ಲಚ್ಚಿನಲ್ಲಿ. ಮಂಡ್ಯದಲ್ಲಿ ಕೂತು ಅಚ್ಚು ಅನ್ನುವ ಪದಕ್ಕೆ ಹುಡುಕಾಡಬೇಕಾ? ನಿಮ್ಮ ಆಲೆಮನೆಯ ಅಚ್ಚುಬೆಲ್ಲ ಯಾವ ಭಾಷೆಯದ್ದು? ವೈರ್‌ಲೆಸ್‌ಗೆ 'ತಂತಿಯಿಲ್ಲದ' ಸಾಕು. ಇಂಗ್ಲಿಷಿನ ಕಾಟ ಬಿಡಿಸಿಕೊಳ್ಳಲು ಹೋಗಿ ಸಂಸ್ಕೃತಕ್ಕೆ ಸಿಕ್ಕಿಕೊಳ್ಳುವುದು ಬೇಡ.

ಮೈಸೂರಿನಿಂದ, ಬಿಲ್ಲಿಂಗ್ ಮಷಿನ್ ರಿಪೇರಿ ಮಾಡುವವನು:

ಸಾರ್, 'ಕೈಯಚ್ಚು' ಆಗುವುದಿಲ್ಲ. ಬೆರಳಚ್ಚು ಎಂದರೆ ಟೈಪಿಂಗ್, ಇಲ್ಲವೇ ಬೆರಳಿನ ಗುರುತು. ಅದೇ ಜಾಡಿನಲ್ಲಿ ಓದುವವರು ಕೈಯಚ್ಚನ್ನು ಅಂಗೈ ಗುರುತು ಅಂದುಕೊಳ್ಳುತ್ತಾರೆ. ದುಡ್ಡಿನ ವ್ಯವಹಾರದ ಕಾಗದದಲ್ಲಿ ಅಂಥ ಗೊಂದಲ ಬೇಡ.

ಮೇಡಂ, ನಿಮ್ಮ ನಾಲ್ಕು ಪದಗಳಲ್ಲಿ ಕೊಳ್ಳುವವನಿಗೆ ನಿಜವಾಗಿ ಬೇಕಾದದ್ದು ಎರಡು. ಅವೆರಡನ್ನು ಬಿಡಿಸಿ ಹೇಳಿ.

ಮೊದಲು ಥರ್ಮಲ್. ಇದರಲ್ಲಿ ಇಂಕೂ ಇಲ್ಲ, ರಿಬ್ಬನ್ನೂ ಇಲ್ಲ. ಕಾಗದದ ಮೇಲೆ ಬಳಿದಿರುವ ರಾಸಾಯನಿಕ ಬಿಸಿ ತಾಗಿದ ಕಡೆ ಕಪ್ಪಾಗುತ್ತದೆ, ಅಷ್ಟೆ. ಆದ್ದರಿಂದಲೇ ಆ ಚೀಟಿ ಉಳಿಯುವುದಿಲ್ಲ. ಬಿಸಿಲು ಬಿದ್ದರೆ, ಎಣ್ಣೆ ಕೈ ತಾಗಿದರೆ, ಪ್ಲಾಸ್ಟಿಕ್ ಕವರ್‌ನಲ್ಲಿ ಬಹಳ ದಿನ ಇಟ್ಟರೆ ಅಕ್ಷರ ಮಾಸಿಹೋಗುತ್ತದೆ. ಹೋಟೆಲಿನವರೂ ಎಣ್ಣೆ ಅಂಗಡಿಯವರೂ ಪಿಗ್ಮಿ ಕಟ್ಟುತ್ತಾರೆ, ಅಲ್ವಾ? ಚೀಟಿಯನ್ನು ನಂಬಿ ಪಾಸ್‌ಬುಕ್ ಬರೆಸುವುದನ್ನು ಬಿಡಬೇಡಿ ಎಂದು ಹಾಕಿ. 'ಉಷ್ಣ ಮುದ್ರಕ' ಎಂದು ಬರೆದರೆ ಇದು ಯಾರಿಗೂ ಹೊಳೆಯುವುದಿಲ್ಲ. 'ಬಿಸಿಯಿಂದ ಅಕ್ಷರ ಮೂಡಿಸುವ' ಎಂದರೆ ಹೊಳೆಯುತ್ತದೆ.

ಎರಡನೆಯದು ವೈರ್‌ಲೆಸ್. ಅದು ಬ್ಲೂಟೂತಾ, ವೈಫೈಯಾ? 'ನಿಸ್ತಂತು', 'ತಂತಿಯಿಲ್ಲದ', ಎರಡೂ ಈ ಪ್ರಶ್ನೆಯನ್ನು ಮುಚ್ಚಿಹಾಕುತ್ತವೆ. ಪೇಟೆ ಬೀದಿಯಲ್ಲಿ ನಿಂತವನಿಗೆ ಬ್ಲೂಟೂತೇ ಸರಿ. ಅಲ್ಲೂ ಒಂದು ತೊಡಕಿದೆ. ಆಂಡ್ರಾಯ್ಡ್ ಫೋನಿಗೆ ಕೂಡಿಕೊಳ್ಳುವ ಎಷ್ಟೋ ಬ್ಲೂಟೂತ್ ಪ್ರಿಂಟರ್‌ಗಳು ಐಫೋನಿಗೆ ಕೂಡಿಕೊಳ್ಳುವುದಿಲ್ಲ. ಏಜೆಂಟ್ ತನ್ನ ಫೋನನ್ನೇ ಅಂಗಡಿಗೆ ಒಯ್ದು, ಸಂಘದ ಆ್ಯಪ್‌ನಿಂದಲೇ ಒಂದು ಚೀಟಿ ತೆಗೆದು ನೋಡಿ ಕೊಳ್ಳಲಿ.

ಆ ಚೀಟಿ ಕನ್ನಡದಲ್ಲಿರಲಿ. ಇದು ಈ ಗುಂಪಿನವರಿಗೆ ನಾನು ಒತ್ತಿ ಹೇಳುವ ಮಾತು. ಇಂಥ ಅಗ್ಗದ ಪ್ರಿಂಟರ್‌ಗಳಲ್ಲಿ ಸಾಮಾನ್ಯವಾಗಿ ಕನ್ನಡ ಫಾಂಟ್ ಇರುವುದಿಲ್ಲ. ಆ್ಯಪ್ ಕನ್ನಡದ ಸಾಲನ್ನು ಚಿತ್ರವಾಗಿ ಮಾಡಿ ಕಳಿಸಬೇಕು. ಎರಡು ಇಂಚಿನದು ಎಂದು ಮಾರುವ ಪ್ರಿಂಟರ್‌ನ ಕಾಗದ 58 ಮಿಲಿಮೀಟರ್. ಅದರಲ್ಲಿ ಅಕ್ಷರ ಬೀಳುವುದು 48 ಮಿಲಿಮೀಟರ್ ಅಗಲಕ್ಕೆ, ಮಿಲಿಮೀಟರಿಗೆ 8 ಚುಕ್ಕಿ, ಒಟ್ಟು 384 ಚುಕ್ಕಿ. ಸಣ್ಣ ಅಕ್ಷರ ಹಾಕಿದರೆ 'ಲಕ್ಷ್ಮಿ'ಯ ಒತ್ತಕ್ಷರಗಳು ಕಪ್ಪು ಉಂಡೆಯಾಗುತ್ತವೆ. ಖಾತೆದಾರರ ಹೆಸರೇ ಓದಲಾಗದ ಚೀಟಿ ಕೊಟ್ಟು ಏನು ಪ್ರಯೋಜನ? ಯಂತ್ರಕ್ಕೆ ಕನ್ನಡ ಹೆಸರು ಹುಡುಕುವುದಕ್ಕಿಂತ ಯಂತ್ರದಿಂದ ಕನ್ನಡ ಹೊರಬರುವುದು ನನಗೆ ದೊಡ್ಡದು.

ಹೆಸರು ಕೇಳುವಿರಾದರೆ, ಏಜೆಂಟರು ಅನ್ನುವುದು 'ಬ್ಲೂಟೂತ್ ಪ್ರಿಂಟರ್'. ಅದನ್ನೇ ಬರೆಯಿರಿ.

ಕುವೆಂಪುನಗರದಿಂದ ಮತ್ತೆ:

ಬ್ಲೂಟೂತ್ ಯಾರ ಹೆಸರು ಗೊತ್ತೇ? ಹತ್ತನೇ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡ್‌ನ ಅಡ್ಡಹೆಸರು. ಅವನನ್ನು ಒಳಗೆ ಬಿಡುತ್ತೀರಿ, ಅಚ್ಚನ್ನು ಹೊರಗೆ ನಿಲ್ಲಿಸುತ್ತೀರಿ. ಬೆರಳಚ್ಚು ಕೂಡ ಒಂದು ದಿನ ಹೊಸ ಪದವೇ. ಯಾರೋ ಧೈರ್ಯ ಮಾಡಿ ಬಳಸಿದರು, ನಿಂತಿತು. 'ಜನ ಹೀಗೇ ಅನ್ನುತ್ತಾರೆ' ಎಂದು ನಾವೇ ಕೈಬಿಟ್ಟರೆ ಮುಂದಿನ ಯಂತ್ರಕ್ಕೂ ಇದೇ ಗತಿ. ನನ್ನ ಅಭಿಪ್ರಾಯ ಬದಲಾಗಿಲ್ಲ.

ಶ್ರೀರಂಗಪಟ್ಟಣದಿಂದ:

ತಂತಿ ಅಚ್ಚಗನ್ನಡ ಎಂದುಕೊಂಡಂತಿದೆ. ಅದು ಸಂಸ್ಕೃತದ 'ತಂತ್ರೀ' ಪದದ ತದ್ಭವ. ಹಾಗೆಂದು ಬಿಸಾಡುತ್ತೀರಾ?

ಇಷ್ಟೆಲ್ಲ ವಾದದಲ್ಲಿ 'ಪಿಗ್ಮಿ'ಯನ್ನು ಯಾರೂ ಮುಟ್ಟಲಿಲ್ಲ. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ ಈ ಉಳಿತಾಯ ಯೋಜನೆ ಶುರು ಮಾಡಿತು. ಪದ ಇಂಗ್ಲಿಷಿನದು. ಇಂಗ್ಲಿಷಿಗೆ ಬಂದದ್ದು ಗ್ರೀಕಿನಿಂದ, ಅಲ್ಲಿ ಅದರ ಬೇರು ಮುಷ್ಟಿ, ಮೊಣಕೈಯಿಂದ ಮುಷ್ಟಿವರೆಗಿನ ಅಳತೆ. ನಮ್ಮ ಗಿಡ್ಡು ಮೊಳ ಅನ್ನಬಹುದು. ಇದೆಲ್ಲ ಗೊತ್ತಿಲ್ಲದೆಯೇ ಹೂವಿನ ವ್ಯಾಪಾರದವಳು ದಿನಾ ಪಿಗ್ಮಿ ಕಟ್ಟುತ್ತಾಳೆ. 'ಕಟ್ಟು' ನಮ್ಮದು. ಚೀಟಿ ಕಟ್ಟಿದ ಹಾಗೆ, ಕಂದಾಯ ಕಟ್ಟಿದ ಹಾಗೆ. ಕ್ರಿಯಾಪದ ಗಟ್ಟಿಯಾಗಿದ್ದರೆ ನಾಮಪದ ಎಲ್ಲಿಂದ ಬಂದರೂ ಕನ್ನಡ ತಡೆದುಕೊಳ್ಳುತ್ತದೆ. ಪ್ರಿಂಟರ್ ಇರಲಿ. 'ಪ್ರಿಂಟಿಸು' ಮಾತ್ರ ಬರೆಯಬೇಡಿ.

ಮಂಡ್ಯದಿಂದ:

ಎಲ್ಲರಿಗೂ ಧನ್ಯವಾದ. ಪ್ರೆಸ್‌ಗೆ ಕೊಟ್ಟ ಸಾಲುಗಳು ಹೀಗಿವೆ:

"ಜೊತೆಯಲ್ಲಿ ಒಯ್ಯುವ ಬ್ಲೂಟೂತ್ ಪ್ರಿಂಟರ್: ಇದು ಬಿಸಿಯಿಂದ ಅಕ್ಷರ ಮೂಡಿಸುತ್ತದೆ, ಇಂಕ್ ಬೇಡ. ಚೀಟಿಯ ಅಕ್ಷರ ಕ್ರಮೇಣ ಮಾಸುತ್ತದೆ, ಪಾಸ್‌ಬುಕ್ ಬರೆಸಲು ಮರೆಯಬೇಡಿ. ಕೊಳ್ಳುವ ಮುಂಚೆ ನಿಮ್ಮ ಫೋನಿನಿಂದ ಕನ್ನಡದ ಒಂದು ಚೀಟಿ ತೆಗೆದು ಹೆಸರು ಓದಿ ನೋಡಿ. 58 ಮಿಲಿಮೀಟರ್ ಅಗಲದ ಸುರುಳಿಯನ್ನೇ ಕೇಳಿ."

ಕುವೆಂಪುನಗರದ ಸಾರ್, ಅಚ್ಚನ್ನು ಈ ಸಲ ತರಲಾಗಲಿಲ್ಲ. 'ರೋಲ್' ತೆಗೆದು 'ಸುರುಳಿ' ಹಾಕಿದ್ದೇನೆ. ಏಜೆಂಟರಿಗೆ ಓದಿ ಹೇಳಿದೆ, ಕೇಳಿದ ತಕ್ಷಣ ಅರ್ಥವಾಯಿತು.