ಕೊವ್ಯಾಕ್ಸಿನ್: ಶೇ 93.4ಕ್ಕೆ ಇಷ್ಟು ಅಗಲದ ರೇಂಜ್ ಯಾಕೆ?

ವೀಣಾ, ಹಾಸನ:
ನರ್ಸಿಂಗ್ ಹುಡುಗಿಯರಿಗೆ ಪಾಠ ಮಾಡುತ್ತೇನೆ. 2021ರ ನವೆಂಬರ್‌ನಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ಕೊವ್ಯಾಕ್ಸಿನ್ ಮೂರನೇ ಹಂತದ ಪ್ರಯೋಗವನ್ನು ಕ್ಲಾಸಿಗೆ ತೆಗೆದುಕೊಂಡಿದ್ದೇನೆ. ಲಕ್ಷಣ ಇರುವ ಕೋವಿಡ್ ತಡೆಯುವುದರಲ್ಲಿ ಲಸಿಕೆಯ ಪರಿಣಾಮ ಶೇ 77.8, ಶೇ 95ರ ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ಸಂಖ್ಯೆಗೆ ಅಂದಾಜು ಮಾಡಿದ ರೇಂಜ್) 65.2ರಿಂದ 86.4. ತೀವ್ರ ಕಾಯಿಲೆಗೆ ಶೇ 93.4, ಆದರೆ 57.1ರಿಂದ 99.8! ಎರಡನೆಯದೇ ಒಳ್ಳೆಯ ಫಲಿತಾಂಶ ಅಲ್ವಾ? ಹುಡುಗಿಯೊಬ್ಬಳು ಕೇಳಿದ್ದಾಳೆ, ಸೋಮವಾರ ಉತ್ತರ ಕೊಡಬೇಕು.

ಮಂಜುನಾಥ:
ಮೇಡಂ, ಶೇಕಡಾ ಪಕ್ಕಕ್ಕಿಡಿ, ತಲೆ ಎಣಿಸಿ. ಲಕ್ಷಣ ಬಂದವರು 130 ಜನ: ಲಸಿಕೆ ಪಡೆದವರಲ್ಲಿ 24, ಪ್ಲಸೀಬೊ (ಔಷಧವಿಲ್ಲದ ಹುಸಿ ಚುಚ್ಚುಮದ್ದು) ಪಡೆದವರಲ್ಲಿ 106. ತೀವ್ರ ಕಾಯಿಲೆ ಬಂದವರು ಬರೀ 16: ಲಸಿಕೆಯಲ್ಲಿ 1, ಪ್ಲಸೀಬೊದಲ್ಲಿ 15. ಆ ಒಬ್ಬರ ಬದಲು ಮೂವರಾಗಿದ್ದರೆ? 93 ಹೋಗಿ 80ರ ಹತ್ತಿರ ಬರುತ್ತಿತ್ತು. ಅದೇ 24ಕ್ಕೆ ಇಬ್ಬರನ್ನು ಸೇರಿಸಿ ನೋಡಿ, ಸುಮಾರು ಎರಡು ಅಂಕ ಇಳಿಯುತ್ತದೆ, ಅಷ್ಟೇ. ಪ್ರಯೋಗಕ್ಕೆ 25,798 ಜನ ಸೇರಿದ್ದರು ನಿಜ. ಆದರೆ ಕಾಯಿಲೆ ಬಿದ್ದವರು ಕಡಿಮೆ ಇದ್ದರೆ ರೇಂಜ್ ಅಗಲವೇ.

ಶಾಹೀನ್:
ಹಾಗಾದರೆ ನಿಜವಾದ ಸಂಖ್ಯೆ ಆ ರೇಂಜಿನೊಳಗೆ ಇರುವ ಸಾಧ್ಯತೆ ಶೇ 95 ಅಂತಲಾ ಸರ್? ಪಿ-ವ್ಯಾಲ್ಯೂ ಎಲ್ಲಿ ಬರುತ್ತದೆ?

ಮಂಜುನಾಥ:
ಎಲ್ಲರೂ ಹಾಗೇ ಓದುತ್ತಾರೆ, ಆದರೆ ಅದು ಸರಿಯಲ್ಲ. 95 ಅನ್ನುವುದು ಲೆಕ್ಕದ ವಿಧಾನಕ್ಕೆ ಸೇರಿದ್ದು. ಇಂಥದೇ ಪ್ರಯೋಗ ನೂರು ಸಲ ಮಾಡಿ ನೂರು ರೇಂಜ್ ತೆಗೆದರೆ, ಅವುಗಳಲ್ಲಿ ಸುಮಾರು 95 ರೇಂಜುಗಳೊಳಗೆ ನಿಜವಾದ ಸಂಖ್ಯೆ ಇರುತ್ತದೆ. ನಿಮ್ಮ ಕೈಯಲ್ಲಿರುವುದು ಆ 95ರಲ್ಲಿ ಒಂದೋ, ಉಳಿದ ಐದರಲ್ಲಿ ಒಂದೋ, ಹೇಳಲಾಗದು.

ಪಿ-ವ್ಯಾಲ್ಯೂ ಅಂದರೆ, ಲಸಿಕೆ ಏನೂ ಕೆಲಸ ಮಾಡದಿದ್ದರೂ ಬರೀ ಆಕಸ್ಮಿಕವಾಗಿ ಇಷ್ಟು ಅಥವಾ ಇನ್ನೂ ಹೆಚ್ಚು ವ್ಯತ್ಯಾಸ ಕಾಣುವ ಸಾಧ್ಯತೆ. 0.05ಕ್ಕಿಂತ ಕಡಿಮೆ ಇದ್ದರೆ 'ಸಿಗ್ನಿಫಿಕೆಂಟ್' ಅನ್ನುವುದು ರೂಢಿ. ಉದಾಹರಣೆಗೆ ಥೈಲ್ಯಾಂಡಿನ ಎಚ್‌ಐವಿ ಲಸಿಕೆ ಪ್ರಯೋಗ ನೋಡಿ, ಆರ್‌ವಿ144, ಫಲಿತಾಂಶ ಬಂದದ್ದು 2009ರಲ್ಲಿ. 16,402 ಜನರನ್ನೂ ಲೆಕ್ಕಕ್ಕೆ ಹಿಡಿದರೆ ಲಸಿಕೆಯ ಪರಿಣಾಮ ಶೇ 26.4, ರೇಂಜ್ ಮೈನಸ್ 4ರಿಂದ 47.9, ಪಿ 0.08. ಮೊದಲೇ ಸೋಂಕಿದ್ದ 7 ಜನರನ್ನು ಬಿಟ್ಟರೆ ಶೇ 31.2, 1.1ರಿಂದ 52.1, ಪಿ 0.04. ಸೊನ್ನೆ ರೇಂಜಿನೊಳಗೆ ಬಿದ್ದರೆ 'ಸಿಗ್ನಿಫಿಕೆಂಟ್' ಅಲ್ಲ, ಹೊರಗುಳಿದರೆ ಹೌದು. ಏಳು ಜನರಿಂದ ಹಣೆಪಟ್ಟಿಯೇ ಬದಲಾಯಿತು! ಎರಡೂ ರೇಂಜ್ ಪಕ್ಕಪಕ್ಕ ಬರೆಯಿರಿ, ಹೆಚ್ಚುಕಡಿಮೆ ಒಂದೇ. ಪಿ 0.05ಕ್ಕಿಂತ ಕೆಳಗೆ ಬಂತು ಅಂತ ಸುಮ್ನೆ ಕುಣಿಯುವವರನ್ನು ಕಂಡರೆ ನನಗಾಗದು.

ವೀಣಾ, ಹಾಸನ:
130 ಮತ್ತು 16, ಸಿಕ್ಕಿತು ಸರ್. ಕೊವ್ಯಾಕ್ಸಿನ್ ಪ್ರಯೋಗದಲ್ಲೇ ಡೆಲ್ಟಾ ತಳಿಯ ವೈರಸ್‌ಗೆ ಶೇ 65.2, 33.1ರಿಂದ 83.0 ಅಂತಿದೆ. ಅಲ್ಲೂ ಕೇಸು ಕಡಿಮೆ ಅಂತಲೇ?

ಮಂಜುನಾಥ:
ಹೌದು, 130ರಲ್ಲಿ ಒಂದು ಪಾಲು ಮಾತ್ರ ಡೆಲ್ಟಾ. ಇನ್ನೊಂದು, ಮೊದಲನೇ ರೇಂಜಿನ ಕೆಳತುದಿಯೂ 65.2. ಅದು ಕಾಕತಾಳೀಯ. ಹುಡುಗಿಯರು ಎರಡನ್ನೂ ಕಲಸಿಕೊಳ್ಳುವ ಮೊದಲೇ ಹೇಳಿಬಿಡಿ.