ಬಿ.ಎಸ್‌ಸಿ. ಎರಡನೇ ವರ್ಷದಿಂದ ಅಮೆರಿಕದ ವಿಶ್ವವಿದ್ಯಾಲಯಕ್ಕೆ ವರ್ಗಾವಣೆ: ಅರ್ಜಿಯನ್ನು ಎಲ್ಲಿಂದ ಆರಂಭಿಸಬೇಕು?

ಡೊಂಬಿವಲಿಯ ವಿದ್ಯಾರ್ಥಿನಿ:

ಎಲ್ಲರಿಗೂ ನಮಸ್ಕಾರ. ನಾನು ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜೊಂದರಲ್ಲಿ ಭೌತಶಾಸ್ತ್ರವನ್ನು ಮುಖ್ಯ ವಿಷಯವಾಗಿ ತೆಗೆದುಕೊಂಡು ಬಿ.ಎಸ್‌ಸಿ. ಎರಡನೇ ವರ್ಷದಲ್ಲಿ, ಅಂದರೆ ಮೂರನೇ ಸೆಮಿಸ್ಟರಿನಲ್ಲಿ ಓದುತ್ತಿದ್ದೇನೆ. ನನ್ನ ತಂದೆ ಮಾಟುಂಗದ ಉಡುಪಿ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದಾರೆ. ನಮ್ಮ ಮನೆಯಲ್ಲಿ ಪದವಿ ಓದುತ್ತಿರುವವಳು ನಾನೇ ಮೊದಲಿಗಳಾದ್ದರಿಂದ ಇಂಥ ವಿಷಯಗಳನ್ನು ಕೇಳಿ ತಿಳಿಯಲು ಹತ್ತಿರದವರು ಯಾರೂ ಇಲ್ಲ.

12ನೇ ತರಗತಿಯಲ್ಲಿ ನನಗೆ ಶೇ. 84 ಬಂದಿತ್ತು. ಮೊದಲ ವರ್ಷದ ಎರಡು ಸೆಮಿಸ್ಟರ್‌ಗಳ ಸಿಜಿಪಿಎ 9.2 ಇದೆ. ಘನಸ್ಥಿತಿ ಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡಬೇಕೆಂಬ ಆಸೆ ನನಗಿದೆ. ನಮ್ಮ ಪ್ರಯೋಗಾಲಯದಲ್ಲಿ ಪಠ್ಯಕ್ರಮದ ಪ್ರಯೋಗಗಳನ್ನು ಮಾಡಿ ಜರ್ನಲ್ ಬರೆದು ಸಹಿ ಹಾಕಿಸಿಕೊಳ್ಳುವುದರಾಚೆಗೆ ಏನನ್ನೂ ಮಾಡಲು ಅವಕಾಶವಿಲ್ಲ. ಅಮೆರಿಕದಲ್ಲಿ ಪದವಿಯ ನಡುವೆಯೇ ವಿಶ್ವವಿದ್ಯಾಲಯವನ್ನು ಬದಲಾಯಿಸಬಹುದು, ವಿದೇಶದಿಂದಲೂ ಹಾಗೆ ಸೇರಬಹುದು ಎಂದು ಈಚೆಗೆ ತಿಳಿಯಿತು. ವಿಚಾರಿಸಲು ಒಬ್ಬ ಕನ್ಸಲ್ಟೆಂಟರ ಬಳಿಗೆ ಹೋಗಿದ್ದೆ. ಇಲ್ಲಿ ಓದಿದ ವಿಷಯವನ್ನೇ ಮುಚ್ಚಿಟ್ಟು ಹೊಸಬಳಂತೆ ಅರ್ಜಿ ಹಾಕುವುದು ಸುಲಭ, ಪ್ರಬಂಧಗಳನ್ನೂ ಶಿಫಾರಸು ಪತ್ರಗಳನ್ನೂ ತಾವೇ ಸಿದ್ಧಪಡಿಸಿ ಕೊಡುತ್ತೇವೆ ಎಂದು ಅವರು ಹೇಳಿದರು. ಅಲ್ಲಿಂದ ಬಂದ ಮೇಲೆ ನನಗೆ ಸಮಾಧಾನವಿಲ್ಲ. ನಿಜವಾದ ದಾರಿ ಯಾವುದು, ಯಾವ ಕಾಗದಪತ್ರಗಳು ಬೇಕು, ನಮ್ಮಂಥ ಮನೆಯವರು ಇದನ್ನು ಯೋಚಿಸುವುದೇ ತಪ್ಪೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಥಾಣೆಯಿಂದ, ವರ್ಗಾವಣೆಯಾಗಿ ಓದಿ ಬಂದವಳು:

ತಂಗಿ, ಯೋಚಿಸುವುದು ಖಂಡಿತ ತಪ್ಪಲ್ಲ. ನಾನೂ ಮುಂಬಯಿಯ ಕಾಲೇಜೊಂದರಲ್ಲಿ ಎರಡು ವರ್ಷ ಓದಿ, ಅನಂತರ ವರ್ಗಾವಣೆಯ ಮೂಲಕ ಅಮೆರಿಕದಲ್ಲಿ ಪದವಿ ಮುಗಿಸಿದವಳು. ಮೊದಲು ಕನ್ಸಲ್ಟೆಂಟರ ಮಾತಿಗೆ ಉತ್ತರಿಸುತ್ತೇನೆ. ಹಿಂದೆ ಓದಿದ ಪ್ರತಿಯೊಂದು ಕಾಲೇಜಿನ ಹೆಸರನ್ನೂ ಅರ್ಜಿಯಲ್ಲಿ ಕೊಡಬೇಕೆಂದು ಕೇಳುತ್ತಾರೆ, ಕೊಟ್ಟ ಮಾಹಿತಿಯೆಲ್ಲ ಪೂರ್ಣ ಮತ್ತು ಸತ್ಯ ಎಂದು ನೀವು ಸಹಿ ಮಾಡಬೇಕು. ಎರಡು ವರ್ಷಗಳನ್ನು ಮುಚ್ಚಿಟ್ಟು ಸೇರಿದವರ ವಿಷಯ ಯಾವಾಗ ತಿಳಿದರೂ ಪ್ರವೇಶ ರದ್ದಾಗಬಹುದು, ಆಗ ವೀಸಾಕ್ಕೂ ಆಧಾರ ಉಳಿಯುವುದಿಲ್ಲ. ಇಷ್ಟು ಅಪಾಯವನ್ನು ಮೈಮೇಲೆ ಎಳೆದುಕೊಂಡು ಕೈಬಿಡುವುದಾದರೂ ಏನನ್ನು? ನಿಮ್ಮ 9.2 ಸಿಜಿಪಿಎಯನ್ನು! ಹೊಸಬಳಾಗಿ ಹೋದರೆ ಎದುರಿಗೆ ಇಡಲು 12ನೇ ತರಗತಿಯ ಶೇ. 84 ಮಾತ್ರ ಇರುತ್ತದೆ. ವರ್ಗಾವಣೆಯ ಅರ್ಜಿಯಲ್ಲಿ, ಅದರಲ್ಲೂ ಎರಡು ವರ್ಷ ಮುಗಿಸಿ ಹೋಗುವವರ ವಿಷಯದಲ್ಲಿ, ಕಾಲೇಜಿನ ಅಂಕಗಳಿಗೇ ಹೆಚ್ಚಿನ ತೂಕ.

ಇನ್ನು ಎಲ್ಲಿ ಸ್ಥಳವಿದೆ ಎಂಬ ಪ್ರಶ್ನೆ. ಹೆಸರಾಂತ ಸಂಸ್ಥೆಗಳೆಲ್ಲ ಒಂದೇ ಬಗೆಯವಲ್ಲ. ಹಾರ್ವರ್ಡ್‌ಗೆ ವರ್ಷಕ್ಕೆ ಸುಮಾರು 1,500 ವರ್ಗಾವಣೆ ಅರ್ಜಿಗಳು ಬಂದರೆ ಸರಾಸರಿ 12 ಮಂದಿಗೆ ಪ್ರವೇಶ ಸಿಗುತ್ತದೆ. ಪ್ರಿನ್ಸ್‌ಟನ್ 1990ರಲ್ಲಿ ನಿಲ್ಲಿಸಿದ್ದ ವರ್ಗಾವಣೆಯನ್ನು 2018ರಲ್ಲಿ ಮತ್ತೆ ಆರಂಭಿಸಿತಾದರೂ ಅದರ ಒಲವು ಸೈನ್ಯದಲ್ಲಿ ಸೇವೆ ಸಲ್ಲಿಸಿದವರು, ಅಲ್ಲಿನ ಸಮುದಾಯ ಕಾಲೇಜುಗಳಲ್ಲಿ (ಎರಡು ವರ್ಷದ ಸ್ಥಳೀಯ ಸರಕಾರಿ ಕಾಲೇಜುಗಳಲ್ಲಿ) ಓದಿದವರು ಮತ್ತು ಕಡಿಮೆ ಆದಾಯದ ಮನೆಗಳವರ ಕಡೆಗಿದೆ. ಕಾರ್ನೆಲ್ ಇವುಗಳಿಗಿಂತ ತೀರ ಬೇರೆ, ಅದು ಪ್ರತಿವರ್ಷ ನೂರಾರು ವರ್ಗಾವಣೆ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುತ್ತದೆ. ಬರ್ಕ್ಲಿ, ಲಾಸ್ ಏಂಜಲೀಸ್ ಮೊದಲಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳು ಸಾವಿರಾರು ಮಂದಿಯನ್ನು ತೆಗೆದುಕೊಂಡರೂ ಆ ರಾಜ್ಯದ ಸಮುದಾಯ ಕಾಲೇಜುಗಳವರಿಗೇ ಆದ್ಯತೆ ಕೊಡುತ್ತವೆ. ಆದ್ದರಿಂದ ಆ ದೊಡ್ಡ ಸಂಖ್ಯೆಯನ್ನು ಕಂಡು ಇಲ್ಲಿಂದ ಹೋಗುವವರು ಭರವಸೆ ತಾಳಬಾರದು.

ಸಮಯದ ಲೆಕ್ಕ ಇನ್ನೂ ಮುಖ್ಯ. ಹಾರ್ವರ್ಡ್‌ಗೆ ಕನಿಷ್ಠ ಒಂದು ವರ್ಷ ಮುಗಿದಿರಬೇಕು, ಎರಡು ವರ್ಷಕ್ಕಿಂತ ಹೆಚ್ಚಾಗಿರಬಾರದು. ಅಂದರೆ ನೀವು ಮೂರನೇ ವರ್ಷದಲ್ಲಿ ಅರ್ಜಿ ಹಾಕಲು ಹೊರಟರೆ ಆ ಬಾಗಿಲು ಮುಚ್ಚಿರುತ್ತದೆ. ಹಾರ್ವರ್ಡ್ ಮತ್ತು ಕೊಲಂಬಿಯಾಗಳ ಕೊನೆಯ ದಿನ ಮಾರ್ಚ್ 1ರ ಆಸುಪಾಸಿನಲ್ಲಿಯೂ ಸ್ಟ್ಯಾನ್‌ಫರ್ಡ್, ಕಾರ್ನೆಲ್, ಎಂಐಟಿಗಳದು ಮಾರ್ಚ್ 15ರ ಆಸುಪಾಸಿನಲ್ಲಿಯೂ ಇರುತ್ತದೆ. ಹೆಚ್ಚಿನವು ಕಾಮನ್ ಆ್ಯಪ್ ಎಂಬ, ಹಲವು ಸಂಸ್ಥೆಗಳಿಗೆ ಸಾಮಾನ್ಯವಾದ ಆನ್‌ಲೈನ್ ಅರ್ಜಿಯ ವರ್ಗಾವಣೆ ವಿಭಾಗದ ಮೂಲಕ ಅರ್ಜಿ ಪಡೆಯುತ್ತವೆ, ಎಂಐಟಿಗೆ ಅದರದೇ ಆದ ಅರ್ಜಿಯಿದೆ.

ನನಗೆ ಅತ್ಯಂತ ಕಷ್ಟವಾದದ್ದು ಅಂಕವೂ ಅಲ್ಲ, ಪ್ರಬಂಧವೂ ಅಲ್ಲ. ಮಿಡ್‌ಟರ್ಮ್ ರಿಪೋರ್ಟ್ ಎಂಬ ಒಂದು ಪುಟದ ನಮೂನೆ ನನ್ನನ್ನು ಬಹಳ ದಣಿಸಿತು. ಈಗ ನಡೆಯುತ್ತಿರುವ ಸೆಮಿಸ್ಟರಿನಲ್ಲಿ ಪ್ರತಿ ವಿಷಯಕ್ಕೂ ನಿಮ್ಮ ಮಟ್ಟ ಎಷ್ಟೆಂದು ಅಧ್ಯಾಪಕರು ಅದರಲ್ಲಿ ಬರೆದು ಸಹಿ ಮಾಡಬೇಕು. ನಮ್ಮಲ್ಲಿ ಸೆಮಿಸ್ಟರ್ ಕೊನೆಯ ಪರೀಕ್ಷೆ ಮುಗಿದು ಫಲಿತಾಂಶ ಬರುವವರೆಗೆ ಯಾರೂ ಗ್ರೇಡ್ ಹೇಳುವ ಪದ್ಧತಿಯಿಲ್ಲ. ಹಾಗಾಗಿ ಕಾಲೇಜಿನ ಕಚೇರಿಯವರು ಆ ಕಾಗದವನ್ನು ಮುಟ್ಟಲೂ ಹಿಂಜರಿದರು, ನಾನು ಮೂರು ವಾರ ಕಿಟಕಿಯಿಂದ ಕಿಟಕಿಗೆ ಅಲೆದೆ. ಕೊನೆಗೆ ವಿಭಾಗದ ಮುಖ್ಯಸ್ಥರು ಆಂತರಿಕ ಮೌಲ್ಯಮಾಪನದ ಅಂಕಗಳನ್ನು ತುಂಬಿ, ಅಂತಿಮ ಪರೀಕ್ಷೆ ಏಪ್ರಿಲ್‌ನಲ್ಲಿ ನಡೆಯಲಿದೆ ಎಂದು ಕಾಲೇಜಿನ ಲೆಟರ್‌ಹೆಡ್ ಮೇಲೆ ಎರಡು ವಾಕ್ಯ ಬರೆದುಕೊಟ್ಟರು. ಅಷ್ಟನ್ನು ಅಲ್ಲಿಯವರು ಯಾವ ತಕರಾರೂ ಇಲ್ಲದೆ ಒಪ್ಪಿಕೊಂಡರು. ನೀವು ಫೆಬ್ರವರಿಯವರೆಗೆ ಕಾಯದೆ, ಗಣೇಶ ಚತುರ್ಥಿಯ ರಜೆ ಮುಗಿದ ಕೂಡಲೇ ಆ ನಮೂನೆಯನ್ನು ಅಧ್ಯಾಪಕರಿಗೆ ತೋರಿಸಿ ಇದು ಏನೆಂಬುದನ್ನು ವಿವರಿಸಿಡಿ.

ಪುಣೆಯ ಭೌತಶಾಸ್ತ್ರ ಅಧ್ಯಾಪಕ:

ನಾನು ಹಲವು ವರ್ಷಗಳಿಂದ ವಿದ್ಯಾರ್ಥಿಗಳಿಗೆ ಶಿಫಾರಸು ಪತ್ರ ಬರೆಯುತ್ತಿರುವವನು. ಹಿಂದಿನವರು ಹೇಳಿದ್ದೆಲ್ಲ ಸರಿಯಾಗಿದೆ. ಶಿಫಾರಸು ಪತ್ರದ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ನಮ್ಮ ಕಾಲೇಜುಗಳಲ್ಲಿ ಇದರ ಬಗ್ಗೆ ಒಂದು ಕೆಟ್ಟ ರೂಢಿ ಬೆಳೆದಿದೆ. 'ನೀನೇ ಬರೆದು ತಾ, ನಾನು ಸಹಿ ಮಾಡುತ್ತೇನೆ' ಎಂದು ಅಧ್ಯಾಪಕರು ಹೇಳುತ್ತಾರೆ. ವಿದ್ಯಾರ್ಥಿ ಅಂತರ್ಜಾಲದಿಂದ ಎತ್ತಿದ ಹೊಗಳಿಕೆಯ ವಾಕ್ಯಗಳನ್ನು ಜೋಡಿಸಿ ತರುತ್ತಾನೆ. ಅಂಥ ಪತ್ರದಲ್ಲಿ ಆ ವಿದ್ಯಾರ್ಥಿಯೊಬ್ಬನನ್ನು ಬಿಟ್ಟು ಜಗತ್ತಿನ ಎಲ್ಲ ಸದ್ಗುಣಗಳೂ ಇರುತ್ತವೆ. ಓದಿದವರಿಗೆ ಯಾರ ಮುಖವೂ ಕಾಣುವುದಿಲ್ಲ.

ಅದರ ಬದಲು ನಿಮಗೆ ಪಾಠ ಮಾಡಿದ ಇಬ್ಬರು ಅಧ್ಯಾಪಕರ ಬಳಿಗೆ ಈ ತಿಂಗಳೇ ಹೋಗಿ. ನಿಮ್ಮ ಜರ್ನಲನ್ನು ತೆಗೆದುಕೊಂಡು ಹೋಗಿ. ಯಾವ ಪ್ರಯೋಗದಲ್ಲಿ ನಿಮ್ಮ ಅಳತೆ ಪುಸ್ತಕದ ಮೌಲ್ಯಕ್ಕೆ ಹೊಂದಲಿಲ್ಲ, ಅದಕ್ಕೆ ಕಾರಣವೇನೆಂದು ನೀವು ಹುಡುಕಿದಿರಿ ಎಂಬುದನ್ನು ಅವರ ಜೊತೆ ಮಾತನಾಡಿ. ಅರೆವಾಹಕದ ಶಕ್ತಿ ಅಂತರವನ್ನು ಅಳೆಯುವ ಪ್ರಯೋಗ ನಮ್ಮ ಪಠ್ಯಕ್ರಮಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ತಾಪಮಾನವನ್ನು ಏರಿಸುತ್ತ ಒಮ್ಮೆ, ಇಳಿಸುತ್ತ ಇನ್ನೊಮ್ಮೆ ಅಳೆದು, ಎರಡು ಉತ್ತರಗಳು ಬೇರೆ ಬೇರೆ ಬಂದದ್ದೇಕೆ ಎಂದು ಎರಡು ವಾರ ಬೆನ್ನು ಹತ್ತಿದ ಒಬ್ಬ ಹುಡುಗಿ ನನ್ನ ವಿದ್ಯಾರ್ಥಿನಿಯಾಗಿದ್ದಳು. ಉಷ್ಣಮಾಪಕ ಮತ್ತು ಮಾದರಿಯ ನಡುವೆ ತಾಪ ಸಮನಾಗಲು ತಗಲುವ ಹೊತ್ತೇ ಕಾರಣವೆಂದು ಅವಳೇ ಕಂಡುಕೊಂಡಳು. ಅವಳಿಗೆ ನಾನು ಬರೆದ ಪತ್ರದಲ್ಲಿ ಆ ಎರಡು ವಾರಗಳ ವಿಷಯವನ್ನು ಬಿಟ್ಟು ಬೇರೆ ಹೆಚ್ಚೇನನ್ನೂ ಬರೆಯಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ.

ನಿಮ್ಮ ಪ್ರಬಂಧಕ್ಕೂ ಇದೇ ಮಾತು ಸಲ್ಲುತ್ತದೆ. ಏಕೆ ವರ್ಗಾವಣೆ ಬೇಕು ಎಂಬ ಪ್ರಶ್ನೆಗೆ, ನಮ್ಮ ಕಾಲೇಜಿನಲ್ಲಿ ಏನೂ ಇಲ್ಲ ಎಂದು ದೂರುವುದು ಉತ್ತರವಾಗುವುದಿಲ್ಲ. ಇರುವುದನ್ನೆಲ್ಲ ಬಳಸಿಕೊಂಡ ಮೇಲೂ ಯಾವ ಪ್ರಶ್ನೆ ಬಾಕಿ ಉಳಿಯಿತು, ಅದನ್ನು ಮುಂದಕ್ಕೆ ಒಯ್ಯಲು ಆ ವಿಶ್ವವಿದ್ಯಾಲಯದ ಯಾವ ಕೋರ್ಸು, ಯಾವ ಪ್ರಯೋಗಾಲಯ ಬೇಕು ಎಂಬುದನ್ನು ಹೇಳಬೇಕು. ಇಲ್ಲಿ ನಿಮ್ಮನ್ನು ಒಂದು ವಿಷಯ ಕೇಳಲೇಬೇಕು: ಮಾನ್‌ಖುರ್ದ್‌ನಲ್ಲಿರುವ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರಕ್ಕೆ ನೀವು ಎಂದಾದರೂ ಹೋಗಿದ್ದೀರಾ? ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ಭಾಗವಾದ ಆ ಕೇಂದ್ರ, ಪದವಿ ವಿದ್ಯಾರ್ಥಿಗಳನ್ನು ಸಂಶೋಧನೆಗೆ ಪರಿಚಯಿಸಲು ಎನ್‌ಐಯುಎಸ್ ಎಂಬ ಕಾರ್ಯಕ್ರಮವನ್ನು ನಡೆಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳೊಡನೆ ಸೇರಿ ಬೇಸಗೆ ಸಂಶೋಧನಾ ಫೆಲೋಶಿಪ್ ಕೊಡುತ್ತದೆ. ಮುಂಬಯಿಯಲ್ಲೇ ಇದ್ದುಕೊಂಡು ಇವನ್ನು ಪ್ರಯತ್ನಿಸದೆ ಸಂಶೋಧನೆಗೆ ಅವಕಾಶವೇ ಇಲ್ಲವೆಂದು ಬರೆದರೆ, ಓದುವವರು ಅದನ್ನು ನಂಬುವುದು ಕಷ್ಟ. ಬೇಸಗೆಯ ಕಾರ್ಯಕ್ರಮಗಳು ಮಾರ್ಚ್ ಅರ್ಜಿಯ ಅನಂತರ ಬರುತ್ತವೆ ಎಂಬುದು ನಿಜ. ಆದರೂ ಅರ್ಜಿ ಹಾಕಿಡಿ. ವರ್ಗಾವಣೆ ಸಿಗದಿದ್ದರೆ ಆ ಬೇಸಗೆ ನಿಮ್ಮ ಕೈಯಲ್ಲಿರುತ್ತದೆ.

ವಾಸ್ಕೋದಿಂದ ಒಬ್ಬ ತಂದೆ:

ನಾನು ಹುಬ್ಬಳ್ಳಿ ಕಡೆಯವನು. ಕೆಲಸಕ್ಕಾಗಿ ಗೋವಾಕ್ಕೆ ಬಂದು ಇಪ್ಪತ್ತೆರಡು ವರ್ಷಗಳಾದವು. ನನ್ನ ಮಗ ಎರಡು ವರ್ಷಗಳ ಹಿಂದೆ ಇದೇ ರೀತಿ ಅರ್ಜಿ ಹಾಕಿದ್ದ. ಅವನಿಗೆ ಒಂದು ಒಳ್ಳೆಯ ವಿಶ್ವವಿದ್ಯಾಲಯದಲ್ಲಿ ಪ್ರವೇಶ ಸಿಕ್ಕಿತು, ಆದರೆ ಆರ್ಥಿಕ ನೆರವು ಸಿಗಲಿಲ್ಲ. ನಮ್ಮ ತಪ್ಪು ಏನಾಗಿತ್ತೆಂದರೆ, ನೆರವು ಕೇಳಿದರೆ ಆಯ್ಕೆಯ ಸಾಧ್ಯತೆ ಕಡಿಮೆಯಾಗುತ್ತದೆ ಎಂದು ಯಾರೋ ಹೇಳಿದ್ದನ್ನು ಕೇಳಿ, ಅರ್ಜಿಯಲ್ಲಿ ನೆರವು ಬೇಡವೆಂದು ಗುರುತು ಹಾಕಿದೆವು. ಸೇರಿದ ಮೇಲೆ ಕೇಳಿದರಾಯಿತು ಎಂದುಕೊಂಡಿದ್ದೆವು. ವಿದೇಶಿ ವಿದ್ಯಾರ್ಥಿಗಳು ಅರ್ಜಿಯ ಹಂತದಲ್ಲಿ ಕೇಳದಿದ್ದರೆ ಓದು ಮುಗಿಯುವವರೆಗೂ ಕೇಳುವಂತಿಲ್ಲ ಎಂಬ ನಿಯಮ ಕೆಲವು ಕಡೆ ಇದೆ, ಸ್ಟ್ಯಾನ್‌ಫರ್ಡ್‌ನಲ್ಲಿಯೂ ಅದೇ ನಿಯಮ. ಮಗಳೇ, ನಿಮ್ಮ ಮನೆಗೆ ಹಣ ಬೇಕಾದರೆ ಬೇಕೆಂದೇ ಬರೆಯಿರಿ.

ಇಂಥ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ, ವಸತಿ, ಊಟ ಎಲ್ಲ ಸೇರಿ ವರ್ಷಕ್ಕೆ 80,000 ಡಾಲರ್ ಮೀರುತ್ತದೆ. ನೆರವಿಲ್ಲದೆ ಇದು ನಮ್ಮಂಥವರ ಮನೆ ಅಡವಿಟ್ಟರೂ ತೀರುವ ಮೊತ್ತವಲ್ಲ. ಕ್ಯಾಲಿಫೋರ್ನಿಯಾದ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಅಲ್ಲಿನ ಸರಕಾರಗಳ ನೆರವು ವಿದೇಶಿಯರಿಗೆ ಸಿಗುವುದಿಲ್ಲ. ಕೆಲವು ಸಂಸ್ಥೆಗಳು ಮೊದಲ ವರ್ಷಕ್ಕೆ ಸೇರುವ ವಿದೇಶಿಯರ ಹಣದ ಸ್ಥಿತಿಯನ್ನು ನೋಡದೆ ಆಯ್ಕೆ ಮಾಡುತ್ತವೆ. ಆ ಮಾತು ವರ್ಗಾವಣೆಯ ವಿದೇಶಿಯರಿಗೂ ಅನ್ವಯಿಸುತ್ತದೆಂದು ಊಹಿಸಿಕೊಳ್ಳಬೇಡಿ. ಪ್ರತಿಯೊಂದು ಸಂಸ್ಥೆಯ ನೆರವಿನ ಕಚೇರಿಗೂ ಇಮೇಲ್ ಬರೆದು, 'ನಾನು ಭಾರತೀಯ ನಾಗರಿಕಳು, ವರ್ಗಾವಣೆಯ ಅರ್ಜಿದಾರಳು, ನನಗೆ ನೆರವು ಸಿಗುತ್ತದೆಯೇ' ಎಂದು ಕೇಳಿ, ಲಿಖಿತ ಉತ್ತರ ಪಡೆದ ಮೇಲೆಯೇ ಅರ್ಜಿ ಶುಲ್ಕ ಕಟ್ಟಿ. ಒಂದೊಂದು ಅರ್ಜಿಗೆ ಸಾಮಾನ್ಯವಾಗಿ 75ರಿಂದ 100 ಡಾಲರ್ ಶುಲ್ಕವಿದೆ. ಕಷ್ಟವಿದ್ದವರು ಮನ್ನಾ ಕೇಳಬಹುದು. ನೆರವಿನ ಅರ್ಜಿಗೆ ತಂದೆಯವರ ವೇತನದ ಪತ್ರ, ಆದಾಯ ತೆರಿಗೆ ರಿಟರ್ನ್, ಬ್ಯಾಂಕಿನ ವಿವರ ಬೇಕಾಗುತ್ತವೆ, ಅದಕ್ಕಾಗಿ ಅವರೊಡನೆ ಈಗಲೇ ಕುಳಿತು ಮಾತನಾಡಿ. ನನ್ನ ಮಗ ನಾನು ನೊಂದುಕೊಳ್ಳುತ್ತೇನೆಂದು ನಿಜವಾದ ಮೊತ್ತವನ್ನು ಏಪ್ರಿಲ್‌ವರೆಗೆ ಹೇಳಲೇ ಇಲ್ಲ. ಅದನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ. ಅವನು ಇಲ್ಲಿಯೇ ಓದು ಮುಂದುವರಿಸಿ ಈಗ ನಾಲ್ಕನೇ ವರ್ಷದ ಆನರ್ಸ್ ಮಾಡುತ್ತಿದ್ದಾನೆ, ಅಲ್ಲಿಗೆ ಪಿಎಚ್.ಡಿ.ಗೆ ಅರ್ಜಿ ಹಾಕುವ ಸಿದ್ಧತೆಯಲ್ಲಿದ್ದಾನೆ. ವಿಜ್ಞಾನದ ಪಿಎಚ್.ಡಿ.ಗೆ ಅಲ್ಲಿ ಸಾಮಾನ್ಯವಾಗಿ ಶುಲ್ಕ ಮನ್ನಾ ಮತ್ತು ಸ್ಟೈಪೆಂಡ್ ಎರಡೂ ಸಿಗುತ್ತವೆ.

ಡೊಂಬಿವಲಿಯ ವಿದ್ಯಾರ್ಥಿನಿ:

ಅಕ್ಕ, ಸರ್, ಕಾಕಾ, ನಿಮಗೆಲ್ಲ ತುಂಬ ಕೃತಜ್ಞತೆಗಳು. ನಿನ್ನೆ ರಾತ್ರಿ ತಂದೆ ಹೋಟೆಲಿನಿಂದ ಬಂದ ಮೇಲೆ ಈ ಉತ್ತರಗಳನ್ನೆಲ್ಲ ಅವರಿಗೆ ಓದಿ ಹೇಳಿದೆ. ಮೊತ್ತವನ್ನು ಕೇಳಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ರಿಟರ್ನ್‌ನ ಕಾಗದಗಳನ್ನು ತೆಗೆದಿಟ್ಟರು. ಪೂರ್ಣ ನೆರವು ಸಾಧ್ಯವೆಂದು ಲಿಖಿತವಾಗಿ ತಿಳಿಸಿದ ಕಡೆಗೆ ಮಾತ್ರ ಅರ್ಜಿ ಹಾಕುವುದೆಂದು ನಾವು ತೀರ್ಮಾನಿಸಿದ್ದೇವೆ. ಇನ್ನೊಂದು ಪ್ರಶ್ನೆ: ಇಲ್ಲಿನ ನನ್ನ ಎರಡು ವರ್ಷಗಳು ಅಲ್ಲಿ ಲೆಕ್ಕಕ್ಕೆ ಬರುತ್ತವೆಯೇ? ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿರುವ ಕ್ರೆಡಿಟ್‌ಗಳನ್ನು ಹಾಗೆಯೇ ಕಳಿಸಬಹುದೇ?

ಥಾಣೆಯಿಂದ, ವರ್ಗಾವಣೆಯಾಗಿ ಓದಿ ಬಂದವಳು:

ಹಾಗೆ ಕಳಿಸಲಾಗುವುದಿಲ್ಲ ತಂಗಿ. ಆ ಬ್ಯಾಂಕ್, ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳನ್ನು ಜಮೆ ಇಡುವ, ಭಾರತದ ಸಂಸ್ಥೆಗಳ ನಡುವಿನ ವ್ಯವಸ್ಥೆ. ಆದರೂ ಅದರಿಂದ ನಿಮಗೆ ಒಂದು ಉಪಯೋಗವಿದೆ. ಅಲ್ಲಿ ಜಮೆಯಾದ ಕ್ರೆಡಿಟ್‌ಗಳು ಏಳು ವರ್ಷಗಳವರೆಗೆ ಊರ್ಜಿತವಾಗಿರುತ್ತವೆ, 2020ರ ಶಿಕ್ಷಣ ನೀತಿಯಂತೆ ಎರಡು ವರ್ಷ ಮುಗಿಸಿ ಹೊರಬರುವವರಿಗೆ ಡಿಪ್ಲೊಮಾ ಪಡೆಯುವ ಅವಕಾಶವೂ ಇದೆ. ಹಾಗಾಗಿ ಹೊರಡುವಾಗ ಕಾಲೇಜನ್ನು ಸುಮ್ಮನೆ ಬಿಡದೆ ಕ್ರಮಬದ್ಧವಾಗಿ ಹೊರಬನ್ನಿ.

ಅಲ್ಲಿಯವರು ಪ್ರತಿ ಪತ್ರಿಕೆಯ ಪಠ್ಯಕ್ರಮವನ್ನು ತಮ್ಮ ಕೋರ್ಸುಗಳೊಡನೆ ಹೋಲಿಸಿ ನೋಡುತ್ತಾರೆ. ನಮ್ಮಲ್ಲಿ ವರ್ಷಕ್ಕೆ 40ಕ್ಕಿಂತ ಹೆಚ್ಚು ಕ್ರೆಡಿಟ್‌ಗಳಿದ್ದರೆ ಅಲ್ಲಿ ಸುಮಾರು 30 ಮಾತ್ರ, ಆದ್ದರಿಂದ ಸಂಖ್ಯೆಗೆ ಸಂಖ್ಯೆ ಹೊಂದುವುದಿಲ್ಲ. ಜೊತೆಗೆ ಕೊಲಂಬಿಯಾದಲ್ಲಿ ಎಲ್ಲರೂ ಸಾಹಿತ್ಯ, ತತ್ತ್ವಚಿಂತನೆಗಳ ಕೋರ್ ಪಾಠಗಳನ್ನು ಮಾಡಬೇಕು, ಎಂಐಟಿಯಲ್ಲಿ ಭೌತಶಾಸ್ತ್ರದವರೂ ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರವನ್ನು ಓದಲೇಬೇಕು. ಎರಡು ವರ್ಷ ಓದಿ ಹೋದ ನನ್ನನ್ನು ಅಲ್ಲಿ ಎರಡನೇ ವರ್ಷಕ್ಕೆ ಸೇರಿಸಿಕೊಂಡರು. ಒಂದು ವರ್ಷ ಹೆಚ್ಚಾಯಿತು, ಅದರ ಖರ್ಚೂ ಹೆಚ್ಚಾಯಿತು. ನೆರವಿನ ಕಚೇರಿಗೆ ಬರೆಯುವಾಗ ಮೂರು ವರ್ಷ ಬೇಕಾದರೆ ಮೂರು ವರ್ಷವೂ ನೆರವು ಇರುತ್ತದೆಯೇ ಎಂದೂ ಕೇಳಿ.

ಇಂದಿನಿಂದಲೇ ಪ್ರತಿ ಸೆಮಿಸ್ಟರಿನ ಪಠ್ಯಕ್ರಮವನ್ನು ಘಟಕವಾರು ಪಾಠದ ಗಂಟೆಗಳ ಸಮೇತ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ, ಪಠ್ಯಕ್ರಮ ಬದಲಾದ ಮೇಲೆ ಹಳೆಯದನ್ನು ಹುಡುಕುವುದು ಬಹಳ ಕಷ್ಟ. ಸರ್ಟಿಫೈ ಆದ ಜರ್ನಲ್‌ಗಳನ್ನು ರದ್ದಿಗೆ ಹಾಕಬೇಡಿ. ನನ್ನ ಎರಡು ಪ್ರಯೋಗಾಲಯ ಕೋರ್ಸುಗಳಿಗೆ ಕ್ರೆಡಿಟ್ ಸಿಕ್ಕಿದ್ದು ಅವುಗಳನ್ನು ಸ್ಕ್ಯಾನ್ ಮಾಡಿ ಕಳಿಸಿದ ಮೇಲೆಯೇ.